ಸ್ಟೇಟಸ್ ಕೋ ಇದ್ದ ಒಂಬತ್ತು ವರ್ಷ

ಆ ಎರಡು ಪದ ಮೊದಲು ಗೊತ್ತಾದದ್ದು ನನ್ನ ಬೆರಳುಗಳಿಗೆ. ಅರ್ಥ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ. ಸ್ಟೇಟಸ್ ಕೋ. ಕೋರ್ಟಿನ ಕಾಂಪೌಂಡಿನ ಆಚೆ, ಹೊಂಗೆಮರದ ಕೆಳಗೆ, ತಗಡಿನ ಶೀಟು ಹೊದಿಸಿದ ಸಾಲಿನಲ್ಲಿ ಮೂರನೆಯದು ನಾನು ಕೂರುವ ಟೈಪಿಂಗ್ ಅಂಗಡಿ. ಮೊದಲು ಮಿಷನ್ನು ಇತ್ತು, ಆಮೇಲೆ ಕಂಪ್ಯೂಟರು ಬಂತು. ಎರಡರ ಮೇಲೂ ದಿನಕ್ಕೆ ಐದಾರು ಸಲ ಆ ಪದ ಹೊಡೆದಿದ್ದೇನೆ. ಕನ್ನಡ ಮೀಡಿಯಂನಲ್ಲಿ ಪಿಯುಸಿ ಮಾಡಿದವಳು ನಾನು. ಇಂಗ್ಲಿಷ್ ನನಗೆ ಕೈಯಿಂದ ಬಂತೇ ಹೊರತು ಬಾಯಿಂದ ಬರಲಿಲ್ಲ. ಯಾವ ಅಕ್ಷರ ಆದಮೇಲೆ ಯಾವ ಅಕ್ಷರ ಅಂತ ನಿದ್ದೆಯಲ್ಲೂ ಹೇಳುತ್ತಿದ್ದೆ, ಏನು ಹೇಳುತ್ತಿದೆ ಅಂತ ಮಾತ್ರ ಕೇಳಬಾರದು.

ನನ್ನನ್ನು ಟೈಪಿಂಗ್ ಕ್ಲಾಸಿಗೆ ಸೇರಿಸಿದವನು ಅಣ್ಣ. ಮದುವೆಯಾದ ಮೂರನೇ ವರ್ಷಕ್ಕೆ ಗಂಡ ತೀರಿಕೊಂಡರು, ಮಕ್ಕಳಿರಲಿಲ್ಲ, ನಾನು ತವರಿಗೆ ವಾಪಸು ಬಂದೆ. ಒಂದು ವರ್ಷ ಹಿತ್ತಿಲ ಕಡೆಯ ಕೋಣೆಯಲ್ಲಿ ಗೋಡೆ ನೋಡಿಕೊಂಡು ಕೂತಿದ್ದೆ. ಒಂದು ದಿನ ಅಣ್ಣ ಮೊಪೆಡ್ ಸ್ಟಾರ್ಟ್ ಮಾಡಿ, "ಕೂತ್ಕೊ" ಅಂದ. ಎಲ್ಲಿಗೆ ಅಂತ ಹೇಳಲಿಲ್ಲ. ದೇವನಹಳ್ಳಿಯ ಟೈಪಿಂಗ್ ಇನ್‌ಸ್ಟಿಟ್ಯೂಟಿನ ಮುಂದೆ ಇಳಿಸಿ, "ಕೈಗೊಂದು ಕೆಲ್ಸ ಬೇಕು ಕಣಮ್ಮ, ಇಲ್ದಿದ್ರೆ ತಲೆ ಕೆಡ್ತೈತೆ" ಅಂದ. ಆ ಮೊಪೆಡ್ಡಿನಲ್ಲೇ ಒಂದು ವರ್ಷ ದಿನಾ ಕ್ಲಾಸಿಗೆ ಬಿಟ್ಟು, ವಾಪಸು ಕರೆದುಕೊಂಡು ಬಂದ. ಬಿತ್ತನೆ ಕಾಲದಲ್ಲೂ ತಪ್ಪಿಸಲಿಲ್ಲ.

ನಮ್ಮ ಸೀಮೆಯಲ್ಲಿ ಕೋರ್ಟಿನ ಇಂಗ್ಲಿಷು ಕೋರ್ಟಿನೊಳಗೇ ಇರುವುದಿಲ್ಲ, ಕಕ್ಷಿದಾರರ ಚೀಲದಲ್ಲಿ ಕೂತು ಊರಿಗೆ ಹೋಗುತ್ತದೆ. ಏರ್‌ಪೋರ್ಟ್ ಬಂದಮೇಲಂತೂ ಜಮೀನಿಲ್ಲದವನಿಗೂ ಜಮೀನಿನ ವ್ಯಾಜ್ಯ ಗೊತ್ತು. "ಸ್ಟೇಟಸ್ಕೋ ತಂದವ್ರೆ", "ಸ್ಟೇಟಸ್ಕೋ ಆಗೈತೆ" ಅಂತ ಒಂದೇ ಪದ ಮಾಡಿಕೊಂಡು ಆಡುತ್ತಾರೆ. ನಮ್ಮ ಸಾಲಿನ ಟೀ ಅಂಗಡಿಯವನಿಗೆ ಮಂಡಿನೋವು ಹೇಗಿದೆ ಅಂತ ಕೇಳಿದರೆ, "ಸ್ಟೇಟಸ್ಕೋ ಕಣಮ್ಮ" ಅನ್ನುತ್ತಾನೆ. ಮಗಳಿಗೆ ನೋಡಿದ ಗಂಡಿನ ಕಡೆಯವರು ಏನಂದರು ಅಂದರೂ ಅದೇ ಉತ್ತರ. ಆಗಲಿಲ್ಲ ಅಂತಲೂ ಅಲ್ಲ, ಆಯಿತು ಅಂತಲೂ ಅಲ್ಲ. ಇಷ್ಟು ಸಲೀಸಾದ ಪದ ನಮ್ಮಲ್ಲಿ ಇನ್ನೊಂದಿಲ್ಲ ಅಂತ ನಾನೂ ನಗುತ್ತಿದ್ದೆ.

ಅರ್ಥ ಹೇಳಿದವರು ನಾನು ಹೆಚ್ಚಾಗಿ ಟೈಪ್ ಮಾಡಿಕೊಡುತ್ತಿದ್ದ ಹಿರಿಯ ವಕೀಲರು. ಎಲೆಅಡಿಕೆ ಒಂದು ದವಡೆಗೆ ಒತ್ತಿಕೊಂಡು ಡಿಕ್ಟೇಷನ್ ಕೊಡುತ್ತಿದ್ದರು. ಒಂದು ಮಧ್ಯಾಹ್ನ ಕರೆಂಟು ಹೋಗಿತ್ತು, ಇಬ್ಬರಿಗೂ ಕೆಲಸವಿರಲಿಲ್ಲ. ನಾನು ಸಂಕೋಚ ಬಿಟ್ಟು ಕೇಳಿದೆ.

"ಅದು ಲ್ಯಾಟಿನ್ನಮ್ಮ. ಅದನ್ನ ಆಡೋ ಜನ ಈಗ ಯಾರೂ ಉಳಿದಿಲ್ಲ" ಅಂದರು. "ಕನ್ನಡದಲ್ಲಿ ಯಥಾಸ್ಥಿತಿ ಅಂತೀವಲ್ಲ, ಅದೇ. ಆದ್ರೆ ಅದು ಅರ್ಧ ಮಾತು. ಹಿಂದೆ ರಾಜರು ಹೊಡೆದಾಡಿ ಸುಸ್ತಾಗಿ ರಾಜಿ ಮಾಡ್ಕೊಳ್ಳುವಾಗ ಪೂರ್ತಿ ಬರೀತಿದ್ರಂತೆ. ಯುದ್ಧಕ್ಕೆ ಮುಂಚೆ ಹೇಗಿತ್ತೋ ಹಾಗೆ, ಅಂತ. ಯಾರ ಊರು ಯಾರ ಹತ್ರ ಇತ್ತೋ ಅವರಿಗೆ ಬಿಟ್ಟುಬಿಡೋದು. ಬರ್ತಾ ಬರ್ತಾ ಜನ ಬಾಲ ಕತ್ತರಿಸಿ ತಲೆ ಇಟ್ಕೊಂಡ್ರು. ಮುಂಚೆ ಹೇಗಿತ್ತು ಅನ್ನೋದು ಯಾರಿಗೂ ಬೇಡ. ಇವತ್ತು ಹೇಗಿದೆಯೋ ಹಾಗೇ ಇರ್ಲಿ, ಸಾಕು."

ಕರೆಂಟು ಬಂತು. ಅವರು ಎದ್ದು ಉಗುಳಿ ಬಂದು ಡಿಕ್ಟೇಷನ್ ಮುಂದುವರಿಸಿದರು. ಯಾರೂ ಆಡದ ಭಾಷೆ ಇಲ್ಲದೆ ಕೋರ್ಟು ನಡೆಯುವುದಿಲ್ಲ ಅನ್ನುವುದು ನನಗೆ ವಿಚಿತ್ರ ಅನಿಸಲಿಲ್ಲ. ನನ್ನ ಮದುವೆಯ ಮಂತ್ರವೂ ನನಗೆ ಅರ್ಥವಾಗಿರಲಿಲ್ಲ.

ಇನ್ನು ನಮ್ಮ ಮನೆಯ ವಿಷಯ. ದೇವನಹಳ್ಳಿಯಿಂದ ಬಸ್ಸಿನಲ್ಲಿ ಇಪ್ಪತ್ತು ನಿಮಿಷದ ಊರು. ಹೆಂಚಿನ ಮನೆ. ಮುಂದಿನ ಭಾಗದಲ್ಲಿ ಅಣ್ಣ, ಅತ್ತಿಗೆ, ಅವರ ಮಗಳು. ಹಿತ್ತಿಲ ಕಡೆಯ ಕೋಣೆ, ಅದಕ್ಕೆ ಅಂಟಿದ ಸಣ್ಣ ಅಡುಗೆಮನೆ ನನ್ನದು. ಅಪ್ಪ ಇದ್ದಾಗಲೇ ಹಾಗಿತ್ತು. ಕೆರೆ ಕಡೆ ಅಪ್ಪನದೇ ಒಂದು ಹೊಲ. ಹಿತ್ತಿಲಲ್ಲಿ ಅಪ್ಪ ನೆಟ್ಟ ಚಕ್ಕೋತದ ಮರ. ನಮ್ಮ ತಾಲ್ಲೂಕಿನವರಿಗೆ ಚಕ್ಕೋತದ ಬಗ್ಗೆ ಜಂಬ ಜಾಸ್ತಿ, ನಮ್ಮಪ್ಪನಿಗೆ ಎಲ್ಲರಿಗಿಂತ ಜಾಸ್ತಿ ಇತ್ತು.

ಚಕ್ಕೋತ ಬಿಡಿಸುವುದು ಸಣ್ಣ ಕೆಲಸವಲ್ಲ. ಹಸಿರು ಸಿಪ್ಪೆ, ಅದರ ಕೆಳಗೆ ಬೆರಳು ದಪ್ಪ ಬಿಳೀ ಬೆಂಡು, ಆಮೇಲೆ ತೊಳೆಗಳು. ಪ್ರತಿ ತೊಳೆಯ ಮೇಲೂ ಒಂದು ಪೊರೆ. ಆ ಪೊರೆ ಕಹಿ. ಬಂದವರಿಗೆ ಕೊಡುವಾಗ ಯಾರೂ ಅಷ್ಟು ತಾಳ್ಮೆ ಪಡುವುದಿಲ್ಲ, ಹಣ್ಣನ್ನು ಹೋಳು ಮಾಡಿ, ಉಪ್ಪು ಖಾರದಪುಡಿ ಉದುರಿಸಿ ತಟ್ಟೆಯಲ್ಲಿ ಇಟ್ಟುಬಿಡುತ್ತಾರೆ. ನನಗೆ ಚಿಕ್ಕಂದಿನಿಂದ ಆ ಕಹಿ ಆಗದು, ಬಾಯಿಗೆ ಬಂದರೆ ಉಗಿದುಬಿಡುತ್ತಿದ್ದೆ. ಅದಕ್ಕೇ ಅಣ್ಣ ಒಂದೊಂದೇ ತೊಳೆ ತೆಗೆದು, ಪೊರೆ ಸುಲಿದು, ಒಳಗಿನ ಕೆಂಪು ಎಸಳನ್ನು ಮುರಿಯದ ಹಾಗೆ ಬಟ್ಟಲಿಗೆ ಹಾಕಿ ಕೊಡುತ್ತಿದ್ದ. ನಾನು ಗಂಡನ ಮನೆಗೆ ಹೋಗುವವರೆಗೂ ಕೊಟ್ಟ, ವಾಪಸು ಬಂದಮೇಲೂ ಕೊಟ್ಟ. ನಲವತ್ತು ದಾಟಿದ ಹೆಂಗಸಿಗೆ ಅವನ ಮಗಳ ಮುಂದೆಯೇ ಬಟ್ಟಲು ಚಾಚಿ, "ತಗೋ" ಅನ್ನುತ್ತಿದ್ದ. ಮಗಳು, "ಅಪ್ಪಾ, ನಂಗೆ?" ಅಂದರೆ, "ನಿಂಗೆ ಹಲ್ಲು ಗಟ್ಟಿ ಅವೆ, ಹಂಗೇ ತಿನ್ನು" ಅನ್ನುತ್ತಿದ್ದ.

ಅಪ್ಪ ತೀರಿಕೊಂಡ ಎರಡು ವರ್ಷಕ್ಕೆ ಅಣ್ಣ ಹಳೇ ಮನೆ ಕೆಡವಿ ಮಾಳಿಗೆ ಹಾಕಿ, ಬಾಡಿಗೆ ರೂಮು ಕಟ್ಟುತ್ತೇನೆ ಅಂದ. ಏರ್‌ಪೋರ್ಟಿನಲ್ಲಿ ಕೆಲಸ ಮಾಡುವವರು ರೂಮು ಹುಡುಕಿಕೊಂಡು ನಮ್ಮ ಊರಿನ ತನಕ ಬರುತ್ತಿದ್ದ ಕಾಲ. ನನ್ನ ಕೋಣೆ ಎಲ್ಲಿ ಬರುತ್ತದೆ ಅಂತ ಕೇಳಿದೆ. "ಮೇಲ್ಗಡೆ ಒಂದು ರೂಮು ಕೊಡ್ತೀನಿ, ಬಿಡು" ಅಂದ. ಕೊಡುತ್ತೀನಿ ಅನ್ನುವ ಪದ ನನಗೆ ಚುಚ್ಚಿತು. ಅಪ್ಪನ ಮನೆಯಲ್ಲಿ ನನಗೆ ನೀನು ಕೊಡುವುದೇನು ಅಂದೆ. ಅವನೂ ಒಂದು ಅಂದ. ನನ್ನ ಸಿಟ್ಟು ಗೊತ್ತಿರುವವರು ಯಾರೂ ಅಲ್ಲಿ ನಡುವೆ ಬರಲಿಲ್ಲ. ಹೆಣ್ಣುಮಕ್ಕಳಿಗೂ ಸಮಪಾಲು ಅನ್ನುವ ದಾವಾಗಳನ್ನು ವಾರಕ್ಕೆ ನಾಲ್ಕು ಟೈಪ್ ಮಾಡುತ್ತಿದ್ದವಳು ನಾನು. ಮಾರನೇ ದಿನವೇ ವಕೀಲರ ಮುಂದೆ ಕೂತೆ. ಅವರು, "ಯೋಚನೆ ಮಾಡಮ್ಮ, ಒಂದು ವಾರ ಬಿಟ್ಟು ಬಾ" ಅಂದರು. ನಾನು ವಾರ ಬಿಡಲಿಲ್ಲ.

ನನ್ನ ಕೇಸನ್ನು ಬೇರೆ ಟೈಪಿಸ್ಟ್ ಹೊಡೆದರೆ ಸಾಲಿನವರಿಗೆಲ್ಲ ಗೊತ್ತಾಗುತ್ತದೆ ಅಂತ ನಾನೇ ಹೊಡೆದೆ. ಕಂಪ್ಯೂಟರು ಬಂದಮೇಲೆ ನಾವು ಹೊಸದಾಗಿ ಹೊಡೆಯುವುದು ಕಡಿಮೆ. ಯಾವುದೋ ಹಳೇ ದಾವಾದ ಫೈಲು ತೆಗೆದು, ವಾದಿ ಪ್ರತಿವಾದಿ ಹೆಸರು ಬದಲಾಯಿಸಿ, ಸರ್ವೆ ನಂಬರು ಬದಲಾಯಿಸಿ, ಉಳಿದದ್ದನ್ನು ಹಾಗೇ ಬಿಡುತ್ತೇವೆ. ನಾನು ತೆಗೆದದ್ದು ಹೊಸಕೋಟೆ ಕಡೆಯ ಯಾರೋ ಅಣ್ಣತಮ್ಮಂದಿರ ಫೈಲು. ಷೆಡ್ಯೂಲಿನಲ್ಲಿ, ಅಂದರೆ ಸ್ವತ್ತಿನ ಪಟ್ಟಿಯಲ್ಲಿ, ಹೊಲ ಬರೆದೆ, ಮನೆ ಬರೆದೆ, ಹಿತ್ತಿಲು ಬರೆದೆ, ಒಂದು ಚಕ್ಕೋತದ ಮರ ಅಂತ ಸೇರಿಸಿದೆ. ಅದೊಂದು ಮಾತ್ರ ನನ್ನ ಸ್ವಂತ ಸಾಲು.

ಆ ಫೈಲಿನಲ್ಲಿ ಇನ್ನೊಂದು ಸಾಲಿತ್ತು. ಎಲ್ಲ ದಾವಾದಲ್ಲೂ ಇರುತ್ತದೆ. ಪ್ರತಿವಾದಿಯು ಹಣಬಲ, ತೋಳ್ಬಲ ಉಳ್ಳ ದುಷ್ಟ ಸ್ವಭಾವದ ವ್ಯಕ್ತಿ, ಕಾನೂನಿಗೆ ಬೆಲೆ ಕೊಡುವವನಲ್ಲ ಅಂತ. ಊಟದ ಎಲೆಯ ತುದಿಗೆ ಉಪ್ಪು ಬಡಿಸುವ ಹಾಗೆ ಅದನ್ನು ಬಡಿಸುತ್ತಾರೆ, ಯಾರೂ ತಿನ್ನುವುದಿಲ್ಲ. ಜಡ್ಜ್ ಸಾಹೇಬರು ಅದನ್ನು ಓದುವುದಿಲ್ಲ, ವಕೀಲರು ಓದುವುದಿಲ್ಲ. ನಾನು ಓದಿದೆ. ಇದನ್ನು ಸುಳ್ಳು ಹೇಳಿ ತಪ್ಪಿಸಿಕೊಳ್ಳುವುದಿಲ್ಲ. ಪ್ರಿಂಟಿಗೆ ಮುಂಚೆ ತಪ್ಪು ತಿದ್ದುವಾಗ ಆ ಸಾಲಿನ ಮೇಲೆ ಕಣ್ಣು ನಿಂತಿತು. ತೆಗೆದರೆ ದಾವಾ ಬೋಳಾಗಿ ಕಾಣುತ್ತದೆ ಅನಿಸಿತು. ಬಿಟ್ಟೆ.

ಕೋರ್ಟಿನ ಅಮೀನ ಸಮನ್ಸು ತಂದುಕೊಟ್ಟ ದಿನ ನಾನು ರಜೆ ಹಾಕಿ ಕೋಣೆಯಲ್ಲಿದ್ದೆ. ಅಣ್ಣನಿಗೆ ಇಂಗ್ಲಿಷ್ ಬರುವುದಿಲ್ಲ. ಜಗಲಿಯ ಮೇಲೆ ಕೂತು ಮಗಳ ಕೈಗೆ ಕಾಗದ ಕೊಟ್ಟ. ಇಂಗ್ಲಿಷ್ ಮೀಡಿಯಂ ಹುಡುಗಿ, ಒಂದೊಂದು ಸಾಲು ಓದಿ ಕನ್ನಡದಲ್ಲಿ ಹೇಳುತ್ತಾ ಹೋದಳು. ಅವರ ಭಾಗಕ್ಕೂ ನನ್ನ ಕೋಣೆಗೂ ಮಧ್ಯದ ನಡುಮನೆಯ ಬಾಗಿಲು ತೆಗೆದೇ ಇತ್ತು, ಎಲ್ಲಾ ಕೇಳುತ್ತಿತ್ತು.

"ಅಪ್ಪಾ, ಇಲ್ಲಿ ನಿಂಗೆ ದುಡ್ಡಿನ ಬಲ, ರೌಡಿ ಬಲ ಐತೆ, ಕೆಟ್ಟ ಸ್ವಭಾವದೋನು ಅಂತ ಬರ್ದವ್ರೆ."

"ಯಾರ್ ಬರ್ದವ್ರೆ?"

"ಅತ್ತೆ."

ಅಣ್ಣ, "ಮುಂದಕ್ಕೆ ಓದು" ಅಂದ. ಅವಳು ಓದಿದಳು. ಓದಿ ಮುಗಿದಮೇಲೆ ಅವನು ಎದ್ದು ಬಂದು ನಡುಮನೆಯ ಬಾಗಿಲು ಮುಂದಕ್ಕೆ ಎಳೆದುಕೊಂಡ. ಜೋರಾಗಿ ಬಡಿಯಲಿಲ್ಲ. ಬಡಿದಿದ್ದರೆ ನಾನೂ ಎದ್ದು ಒಂದು ಮಾತು ಆಡುತ್ತಿದ್ದೆನೇನೋ.

ಮುಂದಿನ ವಾಯಿದೆಗೆ ಆದೇಶ ಆಯಿತು. ಎರಡೂ ಪಕ್ಷದವರು ದಾವಾ ಸ್ವತ್ತಿನ ವಿಷಯದಲ್ಲಿ ಸ್ಟೇಟಸ್ ಕೋ ಕಾಪಾಡತಕ್ಕದ್ದು. ಮಾರಬೇಡಿ, ಕೆಡವಬೇಡಿ, ಕಟ್ಟಬೇಡಿ ಅಂತ ಅದರ ತಾತ್ಪರ್ಯ, ಅದಕ್ಕಿಂತ ಹೆಚ್ಚಿಲ್ಲ. ಆದರೆ ನಮ್ಮ ಊರಿನಲ್ಲಿ ಆ ಪದದ ಅರ್ಥ ಹೇಳುವವಳು ನಾನೊಬ್ಬಳೇ. ಅಣ್ಣ ತನ್ನ ವಕೀಲರನ್ನು ಕೇಳುತ್ತಿರಲಿಲ್ಲ. ಅತ್ತಿಗೆಯನ್ನು ನನ್ನ ಹತ್ತಿರ ಕಳಿಸುತ್ತಿದ್ದ.

ಆ ವರ್ಷ ಯುಗಾದಿ ಮುಂದೆ ಅತ್ತಿಗೆ ಹಿತ್ತಿಲ ಬಾಗಿಲಿಗೆ ಬಂದು ನಿಂತರು. "ಸುಣ್ಣ ಹೊಡೀಬೋದಾ ಅಂತ ಕೇಳ್ಕಂಬಾ ಅಂದ್ರು. ಹೊಡುದ್ರೆ ಸ್ಟೇಟಸ್ಕೋಗೆ ಏನಾದ್ರೂ ತೊಂದ್ರೆ ಆಗುತ್ತಾ ಕಣಮ್ಮ?"

ಆಗುವುದಿಲ್ಲ ಅಂತ ನನಗೆ ಗೊತ್ತಿತ್ತು. ಆದರೆ ಬಾಗಿಲು ಎಳೆದುಕೊಂಡವನು ತಾನೇ ಬಂದು ಕೇಳಲಿ ಅನ್ನುವ ಹಟ. "ಇದ್ದ ಹಂಗೆ ಇರ್ಬೇಕು ಅಂದ್ರೆ ಇದ್ದ ಹಂಗೆ ಇರ್ಬೇಕು ಅತ್ಗೆ" ಅಂದೆ. ಅತ್ತಿಗೆ ಹೋಗಿ ಹೇಳಿದರು. ಗೋಡೆಯಾಚೆ ಅಣ್ಣ, "ಅವ್ಳಿಗೆ ಗೊತ್ತಿರ್ತೈತೆ, ಬುಡು" ಅಂದದ್ದು ಕೇಳಿಸಿತು. ಆ ಯುಗಾದಿಗೆ ನಮ್ಮ ಮನೆಗೆ ಸುಣ್ಣ ಇಲ್ಲ. ಮುಂದಿನ ಎಂಟು ಯುಗಾದಿಗೂ ಇಲ್ಲ. ಬೀದಿಯಲ್ಲಿ ನಮ್ಮದೊಂದೇ ಮನೆ ಸೂತಕದ ಮನೆಯ ಹಾಗೆ ನಿಂತಿರುತ್ತಿತ್ತು. ಒಡೆದ ಹೆಂಚು ಬದಲಾಯಿಸಲಿಲ್ಲ, ಸೋರುವ ಕಡೆ ಬೋಗುಣಿ ಇಟ್ಟರು. ಜಗಲಿಯ ಪಕ್ಕದ ಒಡಕು ರುಬ್ಬುಗುಂಡನ್ನು ಸಹ ಎತ್ತಿ ಆಚೆ ಹಾಕಲಿಲ್ಲ. ಕೋರ್ಟು ಅಣ್ಣನಿಗೆ ಎಷ್ಟು ಹೇಳಿತ್ತೋ ಅದರ ಹತ್ತರಷ್ಟನ್ನು ನಾನು ಹೇಳಿದೆ. ಅವನು ಅಷ್ಟನ್ನೂ ಪಾಲಿಸಿದ.

ಚಕ್ಕೋತದ ಮರ ಷೆಡ್ಯೂಲಿನಲ್ಲಿತ್ತಲ್ಲ, ಹಾಗಾಗಿ ಹಣ್ಣನ್ನೂ ಅವನು ಮುಟ್ಟಲಿಲ್ಲ. ಅವನು ಮುಟ್ಟದ್ದನ್ನು ನಾನು ಹೇಗೆ ಮುಟ್ಟಲಿ. ಕಾಯಿ ಬಲಿತು, ಹಳದಿಗೆ ತಿರುಗಿ, ಒಂದು ದಿನ ತಾನೇ ಬೀಳುತ್ತಿತ್ತು. ಭಾನುವಾರ ಮಧ್ಯಾಹ್ನ ಊಟ ಮಾಡುತ್ತಾ ಕೂತರೆ ಹಿತ್ತಿಲಲ್ಲಿ ದೊಪ್ಪನೆ ಸದ್ದು. ಮನೆಯ ಮುಂದಿನ ಭಾಗದಲ್ಲಿ ಮಾತು ನಿಲ್ಲುತ್ತಿತ್ತು, ಇಲ್ಲಿ ನನ್ನ ಕೈ ನಿಲ್ಲುತ್ತಿತ್ತು. ಇಬ್ಬರೂ ಏಳುತ್ತಿರಲಿಲ್ಲ. ಬಿದ್ದ ಹಣ್ಣು ಇರುವೆ ಮುತ್ತಿ, ಕೊಳೆತು, ಮಣ್ಣಾಗುತ್ತಿತ್ತು. ನೋಡಿದವರು ಏನು ಜನ ಇವರು ಅಂತ ಬೈದುಕೊಂಡು ಹೋಗುತ್ತಿದ್ದರು. ಬೈದದ್ದು ಸರಿಯಾಗೇ ಇತ್ತು.

ಆದರೂ ಆ ವರ್ಷಗಳಲ್ಲಿ ನಾನು ಒಬ್ಬಳೇ ಅಂತ ಅನಿಸಿರಲಿಲ್ಲ, ಅದೊಂದು ಆಶ್ಚರ್ಯ. ಬೆಳಿಗ್ಗೆ ಐದೂವರೆಗೆ ಗೋಡೆಯಾಚೆ ಅವನ ಕೆಮ್ಮು. ಆಮೇಲೆ ಹಾಲಿನ ಡೈರಿಗೆ ಹೊರಡುವ ಕ್ಯಾನಿನ ಸದ್ದು. ಸಂಜೆ ಅತ್ತಿಗೆಯ ಧಾರಾವಾಹಿಯ ಹಾಡು, ಮುದ್ದೆ ತಿರುವುವ ಕೋಲು ಪಾತ್ರೆಗೆ ತಾಗುವ ಸದ್ದು. ಅವನು ಮುದ್ದೆ ಉಣ್ಣಲು ಕೂತ ಹೊತ್ತಿಗೆ ನಾನೂ ಕೂರುತ್ತಿದ್ದೆ, ಯಾರಿಗೂ ಹೇಳದೆ. ಕೋರ್ಟಿನಲ್ಲಿ ವಾಯಿದೆ ಇದ್ದ ದಿನ ಇಬ್ಬರೂ ಒಂದೇ ಬಸ್ಸಿನಲ್ಲಿ ಹೋಗುತ್ತಿದ್ದೆವು. ಅವನು ಹಿಂದಿನ ಬಾಗಿಲಿನಿಂದ ಹತ್ತುತ್ತಿದ್ದ, ನಾನು ಮುಂದಿನದರಿಂದ. ನನಗೆ ಸೀಟು ಸಿಕ್ಕಿತೋ ಇಲ್ಲವೋ ಅಂತ ಅವನು ಕತ್ತು ಚಾಚಿ ನೋಡುವುದು ಡ್ರೈವರಿನ ಕನ್ನಡಿಯಲ್ಲಿ ಕಾಣುತ್ತಿತ್ತು.

ಆ ಸಾಲಿನ ವಿಷಯ ಹೇಳಬೇಕು ಅಂತ ಎಷ್ಟೋ ಸಲ ಅಂದುಕೊಂಡೆ. ಅಣ್ಣಾ, ಅದು ನಾನು ನಿನ್ನ ಬಗ್ಗೆ ಬರೆದದ್ದಲ್ಲ, ಎಲ್ಲ ಕೇಸಿನಲ್ಲೂ ಹಾಕುವ ಸಾಲು, ಯಾರನ್ನು ಬೇಕಾದರೂ ಕೇಳು. ಇಷ್ಟು ಹೇಳಿಬಿಟ್ಟರೆ ಅವನು ಬಾಗಿಲು ತೆಗೆಯುತ್ತಾನೆ ಅಂತ ಒಂಬತ್ತು ವರ್ಷ ನಂಬಿದ್ದೆ. ಅವನು ಇಂಗ್ಲಿಷ್ ಬಾರದೆ, ಕೋರ್ಟಿನ ರೀತಿ ತಿಳಿಯದೆ ನೊಂದುಕೊಂಡಿದ್ದಾನೆ, ತಿಳಿಸಿದರೆ ಮುಗಿಯಿತು ಅಂತ. ಮಾತು ಆಡಿದರೆ ಹೋಯಿತು ಅನ್ನುತ್ತಾರೆ, ನಾನು ಆಡಿಯೂ ಇರಲಿಲ್ಲ, ಟೈಪ್ ಮಾಡಿದ್ದೆ ಅಷ್ಟೇ ಅಂತ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಒಮ್ಮೆ ವಕೀಲರನ್ನು ಕೇಳಿದೆ. "ಸಾರ್, ಆ ಕತ್ತರಿಸಿದ ಬಾಲದ ಜೊತೆ ಪೂರ್ತಿ ಪದ ಹಾಕಿ ಆರ್ಡರು ಆಗುತ್ತಾ? ಮುಂಚೆ ಇದ್ದ ಹಾಗೆ ಅಂತ?"

"ಆಗುತ್ತಮ್ಮ. ಯಾರಾದ್ರೂ ಗೋಡೆ ಕೆಡವಿದ್ರೆ ಮತ್ತೆ ಕಟ್ಟಿಕೊಡು ಅಂತ ಹೇಳಬಹುದು. ಬೇಲಿ ಕಿತ್ತಿದ್ರೆ ಹಾಕಿಸಬಹುದು. ಅಲ್ಲೇನು ಕೆಡವಿದ್ದಾನಾ ನಿಮ್ಮಣ್ಣ?"

"ಇಲ್ಲ ಸಾರ್. ಅವನು ಏನೂ ಕೆಡವಿಲ್ಲ."

ಅವರು ನನ್ನ ಮುಖ ನೋಡಿದರು. ಹಾಗಾದರೆ ಕೆಡವಿದ್ದು ಯಾರು ಅಂತ ಕೇಳಲಿಲ್ಲ. ಒಳ್ಳೆಯ ವಕೀಲರು, ಉತ್ತರ ಗೊತ್ತಿರುವ ಪ್ರಶ್ನೆಯನ್ನು ತಮ್ಮ ಕಕ್ಷಿದಾರರಿಗೆ ಕೇಳುತ್ತಿರಲಿಲ್ಲ.

ಕಡೆಗೆ ಲೋಕ ಅದಾಲತ್ತಿನಲ್ಲಿ ರಾಜಿ ಆಯಿತು. ಅಣ್ಣನೇ ಹೇಳಿ ಕಳಿಸಿದ್ದ: ಮನೆ, ಹಿತ್ತಿಲು ಎಲ್ಲಾ ಅವಳೇ ಇಟ್ಟುಕೊಳ್ಳಲಿ, ನಾನು ಕೆರೆ ಕಡೆಯ ಹೊಲ ತಗೋತೀನಿ. ನಾನು ಕೇಳಿದ್ದಕ್ಕಿಂತ ಹೆಚ್ಚು ಅದು. ರಾಜಿ ಅರ್ಜಿಯನ್ನೂ ನಾನೇ ಹೊಡೆದೆ. ಅದಕ್ಕೂ ಒಂದು ಮಾಮೂಲಿ ಸಾಲಿದೆ: ಉಭಯ ಪಕ್ಷದವರು ಪರಸ್ಪರರ ಮೇಲೆ ಮಾಡಿದ ಆಪಾದನೆಗಳನ್ನು ಹಿಂಪಡೆದಿರುತ್ತಾರೆ. ಈ ಸಲ ಹಳೇ ಫೈಲು ತೆಗೆಯಲಿಲ್ಲ. ಆ ಸಾಲನ್ನು ಒಂದೊಂದೇ ಅಕ್ಷರ ಹೊಸದಾಗಿ ಹೊಡೆದೆ. ಕನ್ನಡದಲ್ಲಿ ಹೊಡೆದೆ, ಅಣ್ಣ ತಾನೇ ಓದಲಿ ಅಂತ.

ಅವನು ಓದಲಿಲ್ಲ. ಕಾಗದ ಕೈಗೆ ಬಂದ ಕೂಡಲೇ ಸಹಿ ಹಾಕಿದ. ಎದುರಿಗೆ ಕೂತಿದ್ದ ಸಾಹೇಬರು, "ಏನಪ್ಪಾ, ಓದ್ದೆ ಸಹಿ ಹಾಕ್ತಿದ್ದೀಯಲ್ಲ?" ಅಂದರು.

"ನಮ್ ತಂಗಿ ಟೈಪ್ ಮಾಡವ್ಳೆ ಸ್ವಾಮಿ. ತಪ್ಪಿರಲ್ಲ" ಅಂದ.

ಅಲ್ಲಿದ್ದವರು ನಕ್ಕರು, ಒಳ್ಳೆಯ ಅಣ್ಣ ತಂಗಿ ಅಂದರು. ಅದು ಹೊಗಳಿಕೆಯೋ ಏಟೋ ಅಂತ ನನಗೆ ಗೊತ್ತಾಗಲಿಲ್ಲ. ಮುಖ ನೋಡೋಣ ಅಂದರೆ ಅವನು ಆಗಲೇ ಬಾಗಿಲ ಕಡೆ ತಿರುಗಿದ್ದ.

ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಅನ್ನುವ ಗಾದೆಯನ್ನು ನಮ್ಮ ಸಾಲಿನ ಟೀ ಅಂಗಡಿಯಲ್ಲಿ ದಿನಕ್ಕೆ ಹತ್ತು ಸಲ ಕೇಳುತ್ತೇನೆ. ಗೆದ್ದರೆ ಹೇಗೆ ಸೋಲುತ್ತಾರೆ ಅಂತ ಆಗ ಗೊತ್ತಾಯಿತು. ಅಣ್ಣ ಹೊಲದಲ್ಲಿ ಮನೆ ಕಟ್ಟಿಕೊಂಡು ಆರೇ ತಿಂಗಳಲ್ಲಿ ಸಾಮಾನು ಸಾಗಿಸಿದ. ಹೋಗುವ ದಿನ ಅತ್ತಿಗೆ ಬಂದು ಬೀಗದ ಕೈ ಕೊಟ್ಟು ನನ್ನ ಕೈ ಹಿಡಿದುಕೊಂಡು ಅತ್ತರು. ಅಣ್ಣ ಟ್ರ್ಯಾಕ್ಟರಿನ ಹತ್ತಿರ ಹಗ್ಗ ಬಿಗಿಯುತ್ತಿದ್ದ. ನಾನು ಜಗಲಿಯ ತನಕ ಹೋದೆ. ಅವನು ಬಿಗಿದ ಹಗ್ಗವನ್ನೇ ಮತ್ತೆ ಬಿಗಿದ.

ಮಾರನೇ ದಿನ ಐದೂವರೆಗೆ ಎಚ್ಚರವಾಯಿತು. ಗೋಡೆಯಾಚೆ ಏನೂ ಇಲ್ಲ. ವಿಮಾನ ಇಳಿಯುವ ಸದ್ದು ಬಂತು, ಹೋಯಿತು. ಆಮೇಲೆ ಮತ್ತೆ ಏನೂ ಇಲ್ಲ. ಇಡೀ ಮನೆ ನನ್ನದು, ನಡುಮನೆಯ ಬಾಗಿಲು ತೆಗೆಯಬಹುದು. ತೆಗೆದೆ. ಆ ಕಡೆ ಗೋಡೆಯ ಮೇಲೆ ಕ್ಯಾಲೆಂಡರ್ ತೂಗುಹಾಕಿದ್ದ ಜಾಗ ಚೌಕವಾಗಿ ಬಿಳಿಯಾಗಿತ್ತು, ಉಳಿದದ್ದೆಲ್ಲ ಹೊಗೆ ಬಣ್ಣ. ಸುಣ್ಣ ಹೊಡೆಸದ ಒಂಬತ್ತು ವರ್ಷ ಅಲ್ಲಿ ಕಾಣುತ್ತಿತ್ತು. ಆಳು ಕರೆಸಿ ಸುಣ್ಣ ಹೊಡೆಸಿದೆ. ಹೊಡೆಸಿದಮೇಲೆ ಮನೆ ಇನ್ನೂ ಖಾಲಿ ಕಂಡಿತು. ನನಗೆ ಬಹಳ ಅಳು ಬಂತು, ಅತ್ತುಬಿಟ್ಟೆ. ಜಗಳ ಇದ್ದಾಗ ಅಣ್ಣ ಗೋಡೆಯಾಚೆ ಇದ್ದ, ರಾಜಿಯಾಗಿ ಒಂದೂವರೆ ಮೈಲಿ ಆಚೆ ಹೋದ.

ಆ ವರ್ಷ ಮರ ಎಂದಿಗಿಂತ ಹೆಚ್ಚು ಬಿಟ್ಟಿತು. ಈಗ ಯಾರ ಅಡ್ಡಿಯೂ ಇಲ್ಲ. ಒಂದು ಹಣ್ಣು ಕಿತ್ತು ಕೂತೆ, ಸಿಪ್ಪೆ ಬಿಡಿಸಿದೆ, ಪೊರೆ ಸುಲಿಯಲು ಹೋಗಿ ಎಸಳೆಲ್ಲ ಪುಡಿಯಾಯಿತು. ನನಗೆ ಬಿಡಿಸಲು ಬರುವುದಿಲ್ಲ ಅಂತ ಐವತ್ತು ದಾಟಿದಮೇಲೆ ಗೊತ್ತಾಯಿತು, ಅಲ್ಲಿಯವರೆಗೆ ಬಿಡಿಸಿಯೇ ಇರಲಿಲ್ಲ. ಮಾರನೇ ಭಾನುವಾರ ದೊಡ್ಡವು ಎರಡು ಹಣ್ಣು ಕಿತ್ತು ಚೀಲಕ್ಕೆ ಹಾಕಿಕೊಂಡು ಕೆರೆ ಏರಿಯ ಮೇಲೆ ನಡೆದುಕೊಂಡು ಅಣ್ಣನ ಹೊಸ ಮನೆಗೆ ಹೋದೆ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಡಿಕ್ಟೇಷನ್ನಿನ ಹಾಗೆ ಹೇಳಿಕೊಂಡೆ.

ಅಣ್ಣ ಹೊಸ ಜಗಲಿಯ ಮೇಲೆ ಕೂತಿದ್ದ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಒಂದೇ ಮನೆಯಲ್ಲಿದ್ದೂ ನಾನು ಅಷ್ಟು ಹತ್ತಿರದಿಂದ ನೋಡಿರಲಿಲ್ಲ. "ಬಾ, ಕೂತ್ಕೊ" ಅಂದ. ಒಂಬತ್ತು ವರ್ಷ ಕಳೆದು ನೇರವಾಗಿ ನನಗೆ ಆಡಿದ ಮೊದಲ ಮಾತು. ಅತ್ತಿಗೆ ನೀರು ತಂದುಕೊಟ್ಟು, ಚೀಲ ತೆಗೆದುಕೊಂಡು ಒಳಗೆ ಹೋದರು.

ನೀರು ಕುಡಿಯುವ ಮುಂಚೆಯೇ ಹೇಳಿದೆ. "ಅಣ್ಣಾ, ಆ ದಾವಾದಲ್ಲಿ ನಿಂಗೆ ಕೆಟ್ಟ ಸ್ವಭಾವ ಅಂತೆಲ್ಲ ಇತ್ತಲ್ಲ. ಅದು ನಾನು ನಿಂಗೆ ಅಂತ ಬರ್ದಿದ್ದಲ್ಲ. ಎಲ್ಲಾ ಕೇಸಲ್ಲೂ ಹಾಕ್ತಾರೆ. ಎಲ್ಲರ್ಗೂ ಹಾಕೋ ಸಾಲು ಅದು."

"ಗೊತ್ತು ಕಣಮ್ಮ" ಅಂದ.

ನನಗೆ ಅರ್ಥವಾಗಲಿಲ್ಲ. "ಏನ್ ಗೊತ್ತು?"

"ಆವತ್ತೇ ನಮ್ ಲಾಯರು ಹೇಳುದ್ರು. ಇದು ಮಾಮೂಲಿ, ತಲೆ ಕೆಡಿಸ್ಕೋಬೇಡ, ಎಲ್ಲರ್ಗೂ ಹಾಕ್ತಾರೆ ಅಂದ್ರು."

"ಮತ್ತೆ ಯಾಕಣ್ಣ?"

ಅವನು ಕೆರೆಯ ಕಡೆ ನೋಡಿದ. ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ನನಗೆ ಅನುಕೂಲವಾಗುತ್ತಿತ್ತು.

"ನಾನು ಕೆಟ್ಟೋನು ಅಂತ ನೀನೇ ಯೋಚ್ನೆ ಮಾಡಿ ಬರ್ದಿದ್ರೆ ಬಂದು ಜಗಳ ಆಡ್ತಿದ್ದೆ. ನಾನೇನ್ ಮಾಡ್ದೆ ಹೇಳು ಅಂತ ಕೇಳ್ತಿದ್ದೆ. ನೀನು ಯೋಚ್ನೆನೇ ಮಾಡಿರ್ಲಿಲ್ವಲ್ಲ. ಎಲ್ಲರ್ಗೂ ಹಾಕೋದ್ನ ನಂಗೂ ಹಾಕ್ದೆ. ಅದುಕ್ಕೆ ಏನಂತ ಜಗಳ ಆಡ್ಲಿ?"

ಒಂಬತ್ತು ವರ್ಷದಿಂದ ಯಾವ ಮಾತನ್ನು ಔಷಧಿ ಅಂತ ಜೋಪಾನ ಮಾಡಿಟ್ಟುಕೊಂಡಿದ್ದೆನೋ ಅದೇ ಅವನ ನೋವಾಗಿತ್ತು. ಅದನ್ನೇ ಈಗ ಮನೆ ಬಾಗಿಲಿಗೆ ಹೊತ್ತು ತಂದು ಇನ್ನೊಂದು ಸಲ ಹೇಳಿದ್ದೆ. ತಪ್ಪಾಯ್ತು ಅಣ್ಣ ಅನ್ನಬೇಕಿತ್ತು. ಆ ಎರಡು ಪದವನ್ನು ದಾರಿಯಲ್ಲಿ ಒಮ್ಮೆಯೂ ಹೇಳಿಕೊಂಡಿರಲಿಲ್ಲ, ಬಾಯಿಗೆ ಬರಲೂ ಇಲ್ಲ.

ಅತ್ತಿಗೆ ಒಳಗಿನಿಂದ ಒಂದು ಹಣ್ಣು, ಚಾಕು, ತಟ್ಟೆ ತಂದು ಅವನ ಮುಂದೆ ಇಟ್ಟರು. ಅಣ್ಣ ಹಣ್ಣನ್ನು ಕೈಯಲ್ಲಿ ತೂಗಿ ನೋಡಿದ, ಮೂಸಿದ. "ಅಪ್ಪನ್ ಮರದ್ದು" ಅಂದ. ನಾನು ಅವನ ಬೆರಳುಗಳನ್ನೇ ನೋಡುತ್ತಿದ್ದೆ. ಅವನು ಚಾಕು ತೆಗೆದುಕೊಂಡು ಹಣ್ಣನ್ನು ಅಡ್ಡಕ್ಕೆ ಕೊಯ್ದು, ಸಿಪ್ಪೆ ಬಿಡಿಸಿ, ಹೋಳು ಮಾಡಿ ತಟ್ಟೆಯಲ್ಲಿ ಜೋಡಿಸಿದ. ಮೇಲೆ ಉಪ್ಪು ಖಾರದಪುಡಿ ಉದುರಿಸಿದ. ಅತ್ತಿಗೆ, "ಅವ್ಳಿಗೆ ಪೊರೆ ಆಗಲ್ಲ" ಅನ್ನಲು ಹೋದವರು ಅರ್ಧಕ್ಕೆ ನಿಲ್ಲಿಸಿದರು. ಅಣ್ಣ ತಟ್ಟೆಯನ್ನು ನನ್ನ ಕಡೆ ಸರಿಸಿದ. ಬೇಕೆಂದು ಮಾಡಿದ್ದಲ್ಲ. ಮನೆಗೆ ಬಂದವರಿಗೆ ಕೊಡುವ ಹಾಗೆ, ಮರ್ಯಾದೆಯಿಂದಲೇ ಕೊಟ್ಟ.

ಒಂದು ಹೋಳು ತೆಗೆದುಕೊಂಡು ಬಾಯಿಗೆ ಹಾಕಿಕೊಂಡೆ. ಪೊರೆ ಹಲ್ಲಿಗೆ ಸಿಕ್ಕಿತು. ಉಗಿಯಲಿಲ್ಲ. ಇನ್ನೊಂದು ತೆಗೆದುಕೊಂಡೆ.

"ಕಹಿ ಐತಾ?" ಅಂತ ಅಣ್ಣ ಕೇಳಿದ.

"ಇಲ್ಲಣ್ಣ" ಅಂದೆ. ತಟ್ಟೆಯಲ್ಲಿದ್ದದ್ದನ್ನೆಲ್ಲ ತಿಂದು ಎದ್ದೆ.